ಬಿದ್ದ ಆಟಗಾರನ ಹತ್ತು ನಿಮಿಷ

“ದಿನಾ ಕಸರತ್ತು ಮಾಡಾವ ಹೋದ. ಬೀಡಿ ಸೇದೂ ಮುದುಕ ಇನ್ನೂ ಗಟ್ಟಿ ಕುಂತಾನ. ಇದೆಂಥಾ ನ್ಯಾಯ?”

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ಮೇಲೆ ನಾಡಿನ ಯಾವ ಚಹಾದಂಗಡಿಯಲ್ಲಿ ಕೂತರೂ ಈ ಪ್ರಶ್ನೆ ಕಿವಿಗೆ ಬೀಳುತ್ತಿತ್ತು. ಅವರಿಗೆ ಆಗ 46 ವರ್ಷ. ಬೆಳಿಗ್ಗೆ ವ್ಯಾಯಾಮದ ನಂತರ ಮೈ ಸರಿಯಿಲ್ಲ ಅನ್ನಿಸಿತು. ದೊಡ್ಡ ಆಸ್ಪತ್ರೆ ತಲುಪುವ ಹೊತ್ತಿಗೆ ಗುಂಡಿಗೆ ನಿಂತುಹೋಗಿತ್ತು. ಮರುದಿನದಿಂದ ಜಯದೇವ ಹೃದ್ರೋಗ ಸಂಸ್ಥೆಯ ಮುಂದೆ ಎದೆ ತೋರಿಸಿಕೊಳ್ಳಲು ಬಂದವರ ಸಾಲು ಬೆಳೆಯಿತು. 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ಬಂದಾಗ ಅದೇ ಸಾಲು ಮತ್ತೆ ಬೆಳೆಯಿತು.

ಆ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಇದೆ. ಗಟ್ಟಿಮುಟ್ಟಾದವನು ಯಾಕೆ ಬಿದ್ದ ಅನ್ನುವುದನ್ನು ಎಲ್ಲರೂ ಕೇಳುತ್ತಾರೆ. ಬಿದ್ದವನನ್ನು ಎಬ್ಬಿಸಬಹುದಿತ್ತೇ ಎಂದು ಕೇಳುವವರು ಕಡಿಮೆ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆ ಜಾತ್ರೆ ಬಂತೆಂದರೆ ಕುಸ್ತಿ, ಕಬಡ್ಡಿ, ಚೀಲ ಎತ್ತುವ ಪಂದ್ಯ. ಬೇಸಿಗೆ ಬಂತೆಂದರೆ ಟೆನಿಸ್ ಬಾಲ್ ಕ್ರಿಕೆಟ್. ಇಂಥ ನೆಲದಲ್ಲಿ ಈ ಎರಡನೆಯ ಪ್ರಶ್ನೆಗೆ ಉತ್ತರ ಗೊತ್ತಿರುವುದು ಹೆಚ್ಚು ಜರೂರು. ಏಕೆಂದರೆ ಆ ಉತ್ತರ ಬಹುಪಾಲು ನಮ್ಮ ಕೈಯಲ್ಲಿದೆ.

ನಾಲ್ಕು ದಿನ, ಎರಡು ಮೈದಾನ

2012ರ ಮಾರ್ಚ್ 17. ಲಂಡನ್ನಿನ ವೈಟ್ ಹಾರ್ಟ್ ಲೇನ್ ಮೈದಾನದಲ್ಲಿ ಎಫ್‌ಎ ಕಪ್ ಫುಟ್ಬಾಲ್ ಪಂದ್ಯ. ಮೊದಲರ್ಧ ಮುಗಿಯುವ ಮುನ್ನ ಬೋಲ್ಟನ್ ತಂಡದ 23 ವರ್ಷದ ಫ್ಯಾಬ್ರಿಸ್ ಮುವಾಂಬಾ ಯಾರ ಡಿಕ್ಕಿಯೂ ಇಲ್ಲದೆ ಕುಸಿದುಬಿದ್ದರು. ತಂಡದ ವೈದ್ಯ ಸಿಬ್ಬಂದಿ ಓಡಿಬಂದು ಎದೆ ಒತ್ತತೊಡಗಿದರು. ಪ್ರೇಕ್ಷಕರ ನಡುವೆ ಕೂತಿದ್ದ ಹೃದ್ರೋಗ ತಜ್ಞ ಆಂಡ್ರ್ಯೂ ಡೀನರ್ ಅವರೂ ಮೈದಾನಕ್ಕೆ ಇಳಿದರು. ಹುಲ್ಲಿನ ಮೇಲೆ ಶುರುವಾದ ವಿದ್ಯುತ್ ಆಘಾತಗಳು ಆಂಬುಲೆನ್ಸಿನಲ್ಲೂ ಮುಂದುವರಿದು ಒಟ್ಟು 15 ಆದವು. ಗುಂಡಿಗೆ ತಾನಾಗಿ ಬಡಿಯದೆ 78 ನಿಮಿಷ ಕಳೆದವು. ಅಷ್ಟು ಹೊತ್ತೂ ಎದೆ ಒತ್ತುವುದನ್ನು ಬಿಡಲಿಲ್ಲ. ಮುವಾಂಬಾ ಬದುಕಿದರು, ನಡೆದಾಡಿದರು, ಮಾತಾಡಿದರು. ಆಟವನ್ನು ಮಾತ್ರ ಅದೇ ವರ್ಷ ಆಗಸ್ಟ್‌ನಲ್ಲಿ ಬಿಟ್ಟರು.

ನಾಲ್ಕು ದಿನ ಬಿಟ್ಟು, ಮಾರ್ಚ್ 21ರಂದು, ಬೆಂಗಳೂರಿನಲ್ಲಿ ಜಿಲ್ಲಾ ಲೀಗ್ ಪಂದ್ಯ. ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್, 27 ವರ್ಷದ ಹುಡುಗ, ನೈರುತ್ಯ ರೈಲ್ವೆ ತಂಡದ ವಿರುದ್ಧ ಆಡುತ್ತ ಪಂದ್ಯ ಮುಗಿಯುವ ಹೊತ್ತಿಗೆ ಕುಸಿದ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಜೊತೆಗಾರರು ಆಟೋರಿಕ್ಷಾದಲ್ಲಿ ಆಸ್ಪತ್ರೆಗೆ ಸಾಗಿಸಿದರು. ಅವನು ಬದುಕಲಿಲ್ಲ.

ಲಂಡನ್ನಿನಲ್ಲಿ ಇದ್ದದ್ದೆಲ್ಲ ಇಲ್ಲೂ ಇದ್ದಿದ್ದರೆ ವೆಂಕಟೇಶ್ ಖಂಡಿತ ಉಳಿಯುತ್ತಿದ್ದ ಎಂದು ಯಾವ ವೈದ್ಯನೂ ಆಣೆ ಮಾಡಿ ಹೇಳಲಾರ. ಆದರೆ ಒಬ್ಬನಿಗೆ ಅವಕಾಶ ಸಿಕ್ಕಿತು, ಇನ್ನೊಬ್ಬನಿಗೆ ಸಿಗಲಿಲ್ಲ. ಅದರಲ್ಲಿ ಅನುಮಾನವಿಲ್ಲ. ಬೆಂಗಳೂರಿಗೆ ಇದು ಮೊದಲ ಸಲವೂ ಆಗಿರಲಿಲ್ಲ. 2004ರ ಡಿಸೆಂಬರ್ 5ರಂದು ಶ್ರೀ ಕಂಠೀರವ ಕ್ರೀಡಾಂಗಣದ ಫೆಡರೇಶನ್ ಕಪ್ ಫೈನಲ್‌ನಲ್ಲಿ ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತಮ್ಮ ಎರಡನೆಯ ಗೋಲು ಹೊಡೆಯುವ ಕ್ಷಣದಲ್ಲಿ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದರು, ಮತ್ತೆ ಏಳಲಿಲ್ಲ. ಡೆಂಪೊ ಆ ಕಪ್ ಗೆದ್ದಿತು. ಮೈದಾನದಲ್ಲಿ ತುರ್ತು ಚಿಕಿತ್ಸೆಗೆ ಸಿದ್ಧತೆ ಸಾಲದು ಎಂಬ ಟೀಕೆ ಆಗಲೇ ಎದ್ದಿತ್ತು. ಏಳು ವರ್ಷದ ನಂತರವೂ ಬಿದ್ದವನಿಗೆ ಸಿಕ್ಕಿದ್ದು ಆಟೋರಿಕ್ಷಾ. 2024ರ ಫೆಬ್ರುವರಿಯಲ್ಲಿ ಕರ್ನಾಟಕದ ಕ್ರಿಕೆಟ್ ಆಟಗಾರ ಕೆ. ಹೊಯ್ಸಳ ಬೆಂಗಳೂರಿನಲ್ಲಿ ಪಂದ್ಯ ಮುಗಿದ ಬೆನ್ನಿಗೇ ಕುಸಿದು ತೀರಿಕೊಂಡರು. ವಯಸ್ಸು 34.

ತೇರು ನಿಲ್ಲುವುದು ಹೇಗೆ

ಗುಂಡಿಗೆಯೊಳಗೆ ಆ ಕ್ಷಣ ಏನಾಗುತ್ತದೆ ಎಂದು ತಿಳಿಯಲು ತೇರಿನ ಹಗ್ಗ ಹಿಡಿದವರನ್ನು ನೆನೆಸಿಕೊಳ್ಳಿ. ಗದಗಿನ ತೋಂಟದಾರ್ಯ ಮಠದ ತೇರಾಗಲಿ, ಮುಂಡರಗಿಯ ಅನ್ನದಾನೀಶ್ವರ ಮಠದ್ದಾಗಲಿ, ಅಷ್ಟು ಭಾರ ಮುಂದಕ್ಕೆ ಉರುಳುವುದು ಜನ ಹೆಚ್ಚಿದ್ದಾರೆಂಬ ಒಂದೇ ಕಾರಣಕ್ಕಲ್ಲ. ಹಲಗೆಯ ಪೆಟ್ಟಿಗೆ, “ಹರ ಹರ ಮಹಾದೇವ” ಎಂಬ ಕೂಗಿಗೆ, ನೂರಾರು ಜನ ಒಂದೇ ಗಳಿಗೆಗೆ ಹಗ್ಗ ಜಗ್ಗುತ್ತಾರೆ. ತೇರು ಒಂದು ಮಾರು ಸರಿಯುತ್ತದೆ. ಸಡಿಲಿಸುತ್ತಾರೆ. ಮತ್ತೆ ಪೆಟ್ಟು, ಮತ್ತೆ ಜಗ್ಗು.

ಗುಂಡಿಗೆಯ ಸ್ನಾಯುವಿನಲ್ಲಿ ಹೀಗೆ ಜಗ್ಗುವ ಜೀವಕೋಶಗಳು ಕೋಟಿಗಟ್ಟಲೆ ಇವೆ. ಬಲಭಾಗದ ಮೇಲಿನ ಕೋಣೆಯ ಗೋಡೆಯಲ್ಲಿ ಹಲಗೆ ಬಾರಿಸುವ ಒಂದು ಸಣ್ಣ ಗಂಟು ಇದೆ. ಅದನ್ನು ತಾಳಗಂಟು ಅನ್ನೋಣ. ಆರಾಮಾಗಿ ಕೂತಾಗ ನಿಮಿಷಕ್ಕೆ ಎಪ್ಪತ್ತರ ಆಸುಪಾಸು ಪೆಟ್ಟು, ಓಡುವಾಗ ನೂರೈವತ್ತು ದಾಟಿ. ಪ್ರತಿ ಪೆಟ್ಟೂ ಸಣ್ಣ ವಿದ್ಯುತ್ ಅಲೆಯಾಗಿ ಇಡೀ ಗುಂಡಿಗೆಗೆ ಹರಡುತ್ತದೆ. ಎಲ್ಲ ಕೋಶಗಳೂ ಒಟ್ಟಿಗೆ ಕುಗ್ಗುತ್ತವೆ. ರಕ್ತ ಮುಂದಕ್ಕೆ ಹೋಗುತ್ತದೆ.

ಈಗ ಹಗ್ಗದ ಉದ್ದಕ್ಕೂ ಗದ್ದಲ ಎದ್ದಿತು ಅಂದುಕೊಳ್ಳಿ. ಇಲ್ಲೊಂದು ಗುಂಪು ತನ್ನದೇ ಕೂಗಿಗೆ ಜಗ್ಗಿತು, ಅಲ್ಲೊಂದು ಗುಂಪು ಆಗಲೇ ಸಡಿಲಿಸಿತು. ಹಲಗೆ ಯಾರಿಗೂ ಕೇಳಿಸುತ್ತಿಲ್ಲ. ಎಲ್ಲರೂ ಬೆವರು ಸುರಿಸುತ್ತಿದ್ದಾರೆ, ತೇರು ಒಂದು ಗೇಣೂ ಸರಿಯದು. ಗುಂಡಿಗೆಯ ಕೆಳಗಿನ ದೊಡ್ಡ ಕೋಣೆಗಳಲ್ಲಿ ಹೀಗಾದಾಗ ಅದು ಬಡಿಯುವುದನ್ನು ಬಿಟ್ಟು ಅದುರತೊಡಗುತ್ತದೆ. ವೈದ್ಯರ ಭಾಷೆಯಲ್ಲಿ ಇದು ವೆಂಟ್ರಿಕ್ಯುಲರ್ ಫಿಬ್ರಿಲೇಶನ್. ನಾವು ಗುಂಡಿಗೆ ನಡುಕ ಅನ್ನೋಣ. ಆಟದ ಮೈದಾನದಲ್ಲಿ ಇದ್ದಕ್ಕಿದ್ದಂತೆ ಕುಸಿಯುವವರಲ್ಲಿ ಹೆಚ್ಚಾಗಿ ಆಗುವುದು ಇದೇ. ನಡುಕ ಶುರುವಾದ ಹತ್ತು-ಹದಿನೈದು ಸೆಕೆಂಡಿನೊಳಗೆ ಮಿದುಳಿಗೆ ರಕ್ತವಿಲ್ಲದೆ ಪ್ರಜ್ಞೆ ಹೋಗುತ್ತದೆ. ಇದು ಹೃದಯ ಸ್ತಂಭನ.

ಹೃದಯಾಘಾತ ಬೇರೆ. ಅಲ್ಲಿ ಗುಂಡಿಗೆಯ ಸ್ನಾಯುವಿಗೆ ರಕ್ತ ಒಯ್ಯುವ ನಾಳವೊಂದು ಕಟ್ಟಿಕೊಳ್ಳುತ್ತದೆ. ನೀರು ಸಿಗದೆ ಹಗ್ಗ ಹಿಡಿದ ಒಂದು ಗುಂಪು ಬಸವಳಿದ ಹಾಗೆ. ರೋಗಿಗೆ ಎದೆನೋವು, ಬೆವರು, ಸಂಕಟ ಇರುತ್ತದೆ, ಎಚ್ಚರವೂ ಇರುತ್ತದೆ. ಬಸವಳಿದ ಆ ಗುಂಪು ಉಳಿದವರ ತಾಳವನ್ನೂ ಕೆಡಿಸಿದರೆ ಆಘಾತವು ಸ್ತಂಭನಕ್ಕೆ ತಿರುಗುತ್ತದೆ.

ತಾಳ ತಪ್ಪಿದ ಜಾತ್ರೆಯಲ್ಲಿ ಹಿರಿಯರೊಬ್ಬರು ಮಾಡುವುದೇನು? ಎಲ್ಲರೂ ಹಗ್ಗ ಬಿಡಿ ಎಂದು ಕೂಗುತ್ತಾರೆ. ಒಂದು ಕ್ಷಣ ಎಲ್ಲ ಸ್ತಬ್ಧ. ಆಗ ಹಲಗೆ ಕೇಳಿಸುತ್ತದೆ, ಜನ ಮತ್ತೆ ಒಂದಾಗಿ ಜಗ್ಗುತ್ತಾರೆ. ವಿದ್ಯುತ್ ಆಘಾತದ ಕೆಲಸ ಇಷ್ಟೇ. ಅದು ಗುಂಡಿಗೆಗೆ ಶಕ್ತಿ ತುಂಬುವುದಿಲ್ಲ. ನಡುಗುತ್ತಿರುವ ಕೋಶಗಳನ್ನೆಲ್ಲ ಒಮ್ಮೆಲೇ ಸುಮ್ಮನಾಗಿಸುತ್ತದೆ. ಆ ಮೌನದಲ್ಲಿ ತಾಳಗಂಟು ತನ್ನ ಪೆಟ್ಟನ್ನು ಮತ್ತೆ ಶುರುಮಾಡುತ್ತದೆ. ಇದರಿಂದ ಇನ್ನೊಂದು ಮಾತೂ ಸ್ಪಷ್ಟವಾಗುತ್ತದೆ. ಹಗ್ಗ ಹಿಡಿದವರೆಲ್ಲ ಸುಸ್ತಾಗಿ ನೆಲಕ್ಕೆ ಕೂತ ಮೇಲೆ “ಬಿಡಿ” ಎಂದು ಕೂಗಿ ಪ್ರಯೋಜನವಿಲ್ಲ. ನಡುಕವೂ ಆರಿ ಗುಂಡಿಗೆ ಪೂರ್ತಿ ನಿಶ್ಚಲವಾದಾಗ ವಿದ್ಯುತ್ ಆಘಾತ ಕೆಲಸ ಮಾಡುವುದಿಲ್ಲ. ಸಿನಿಮಾಗಳಲ್ಲಿ ನೇರ ಗೆರೆ ಕಂಡ ಕೂಡಲೇ ಶಾಕ್ ಕೊಡುತ್ತಾರಲ್ಲ, ಅದು ತಪ್ಪು.

ಆಘಾತದ ಯಂತ್ರ ಬರುವವರೆಗೆ ಎದೆ ಒತ್ತುವುದು ಯಾಕೆ? ಜಗ್ಗುವವರು ತಾಳ ತಪ್ಪಿದ್ದಾಗಲೂ ಗಾಲಿಗೆ ಸನ್ನೆಗೋಲು ಕೊಟ್ಟು ತೇರನ್ನು ಅಷ್ಟಿಷ್ಟು ಸರಿಸಬಹುದು. ಚೆನ್ನಾಗಿ ಒತ್ತಿದರೆ ಮಾಮೂಲಿಯ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ರಕ್ತ ಹರಿಯುತ್ತದೆ. ಮಿದುಳು ಕಾಯುವುದಕ್ಕೂ, ಗುಂಡಿಗೆಯ ನಡುಕ ಆರಿಹೋಗದಂತೆ ಉಳಿಸಿಕೊಳ್ಳುವುದಕ್ಕೂ ಅಷ್ಟು ಸಾಕಾಗುತ್ತದೆ. ಮುವಾಂಬಾ 78 ನಿಮಿಷ ತಡೆದುಕೊಂಡದ್ದು ಇದರಿಂದಲೇ.

ಮೈದಾನದಲ್ಲೇ ಯಾಕೆ?

ಇನ್ನು ಚಹಾದಂಗಡಿಯ ಪ್ರಶ್ನೆ. ಆಟ ಗುಂಡಿಗೆಯನ್ನು ಕೆಡಿಸುವುದಿಲ್ಲ. ಗುಂಡಿಗೆಯಲ್ಲಿ ಮೊದಲೇ ಅಡಗಿದ್ದ ದೋಷವನ್ನು ಆಟದ ಒತ್ತಡ ಹೊರಗೆ ತರುತ್ತದೆ. ಜೋರಾಗಿ ಓಡುವಾಗ ಅಡ್ರಿನಲಿನ್ ಏರುತ್ತದೆ, ಬೆವರಿನಲ್ಲಿ ಲವಣ ಹೋಗುತ್ತದೆ, ಬಡಿತ ಎರಡು ಪಟ್ಟಿಗೂ ಹೆಚ್ಚಾಗುತ್ತದೆ. ಆರೋಗ್ಯವಾದ ಗುಂಡಿಗೆ ಇದನ್ನೆಲ್ಲ ಸಲೀಸಾಗಿ ತಾಳಿಕೊಳ್ಳುತ್ತದೆ. ದೋಷವಿದ್ದಲ್ಲಿ ವಿದ್ಯುತ್ ಅಲೆ ಒಡೆದು ಚೂರಾಗುತ್ತದೆ.

ಮೂವತ್ತೈದರ ಒಳಗಿನವರಲ್ಲಿ ದೋಷ ಬಹುಮಟ್ಟಿಗೆ ಹುಟ್ಟಿನಿಂದ ಬಂದದ್ದು. ಗುಂಡಿಗೆಯ ಗೋಡೆ ಅಸಹಜವಾಗಿ ದಪ್ಪಗಾಗುವ ಕಾಯಿಲೆ ಅದರಲ್ಲೊಂದು. 2003ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಆಡುತ್ತಲೇ ಬಿದ್ದ ಕ್ಯಾಮರೂನಿನ ಫುಟ್ಬಾಲ್ ಆಟಗಾರ ಮಾರ್ಕ್ ವಿವಿಯನ್ ಫೋ ಅವರಿಗೆ ಇದ್ದದ್ದು ಇದೇ. ಈ ಕಾಯಿಲೆ ಇರುವವರು ಜಗತ್ತಿನಲ್ಲಿ ಅಂದಾಜು ಐನೂರಕ್ಕೆ ಒಬ್ಬರು. ಗದಗ ಜಿಲ್ಲೆಯ ಜನಸಂಖ್ಯೆ 2011ರ ಗಣತಿಯಲ್ಲಿ ಹತ್ತೂವರೆ ಲಕ್ಷ ದಾಟಿತ್ತು. ಅದೇ ಅನುಪಾತ ಹಿಡಿದರೆ ನಮ್ಮ ಜಿಲ್ಲೆಯಲ್ಲೇ ಸುಮಾರು ಎರಡು ಸಾವಿರ ಜನಕ್ಕೆ ಇದು ಇರಬೇಕು. ಅವರಲ್ಲಿ ಬಹಳಷ್ಟು ಜನ ಏನೂ ಆಗದೆ ಪೂರ್ಣಾಯುಷ್ಯ ಬಾಳುತ್ತಾರೆ. ಕೆಲವರಲ್ಲಿ ಗೋಡೆ ಸರಿಯಿದ್ದು ವಿದ್ಯುತ್ ಹರಿಯುವ ವ್ಯವಸ್ಥೆಯಲ್ಲಷ್ಟೇ ದೋಷವಿರುತ್ತದೆ. ಇನ್ನು ಕೆಲವರಿಗೆ ವೈರಲ್ ಜ್ವರದ ಬೆನ್ನಿಗೆ ಗುಂಡಿಗೆಯ ಸ್ನಾಯು ಊದಿಕೊಂಡಿರುತ್ತದೆ. ಮೈ ಬಿಸಿ ಇಳಿಯುವ ಮೊದಲೇ ಅಂಗಳಕ್ಕೆ ಇಳಿಯಬಾರದು ಎನ್ನುವುದು ಇದಕ್ಕೆ.

ಮೂವತ್ತೈದು ದಾಟಿದವರಲ್ಲಿ ಮುಖ್ಯ ಕಾರಣ ಕೊಬ್ಬು ಕಟ್ಟಿದ ನಾಳ. ಭಾರತೀಯರಲ್ಲಿ ಇದು ಪಾಶ್ಚಾತ್ಯರಿಗಿಂತ ಐದರಿಂದ ಹತ್ತು ವರ್ಷ ಮೊದಲೇ ಶುರುವಾಗುತ್ತದೆ. ದಿನವೂ ವ್ಯಾಯಾಮ ಮಾಡುವವನಿಗೆ ಒಟ್ಟಾರೆ ಅಪಾಯ ಕಡಿಮೆಯೇ. ಹೆಚ್ಚಿನ ಅಪಾಯ ಇರುವುದು ವರ್ಷವಿಡೀ ಅಂಗಡಿಯಲ್ಲಿ ಕೂತು, ಗೆಳೆಯರು ಹುರಿದುಂಬಿಸಿದರೆಂದು ಜಾತ್ರೆಯ ದಿನ ಒಂದು ಕ್ವಿಂಟಲ್ ಚೀಲಕ್ಕೆ ಹೆಗಲು ಕೊಡುವ ನಲವತ್ತೈದರ ಮನುಷ್ಯನಿಗೆ. ಬೀಡಿ ಸೇದುವ ಮುದುಕ ಉಳಿದದ್ದನ್ನು ನಾವು ಕಾಣುತ್ತೇವೆ. ಬೀಡಿಯಿಂದಲೇ ಐವತ್ತಕ್ಕೆ ಹೋದವರು ಕಟ್ಟೆಯ ಮೇಲೆ ಕೂತು ಕಾಣಿಸಿಕೊಳ್ಳುವುದಿಲ್ಲ.

ಪೂರ್ತಿ ಆರೋಗ್ಯವಂತನನ್ನೂ ಬೀಳಿಸುವ ಇನ್ನೊಂದು ಬಗೆ ಇದೆ. ಹಾಕಿ ಚೆಂಡೋ ಕ್ರಿಕೆಟ್ ಚೆಂಡೋ ಎದೆಯ ಎಡಭಾಗಕ್ಕೆ ಸರಿಯಾಗಿ ಗುಂಡಿಗೆಯ ಮೇಲೆ ಬಡಿದು, ಆ ಪೆಟ್ಟು ಬಡಿತದ ಚಕ್ರದಲ್ಲಿ ಒಂದು ಕ್ಷಣದ ಸಣ್ಣ ಚೂರಿಗೆ ತಾಗಿದರೆ ನಡುಕ ಶುರುವಾಗುತ್ತದೆ. ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಕಿರಿದಾದ ಕಿಂಡಿ ಅದು. 2023ರ ಜನವರಿ 2ರಂದು ಅಮೆರಿಕನ್ ಫುಟ್ಬಾಲ್ ಆಟಗಾರ ಡ್ಯಾಮರ್ ಹ್ಯಾಮ್ಲಿನ್ ಬಿದ್ದದ್ದೂ ಎದೆಗೆ ಬಿದ್ದ ಇಂಥದೇ ಪೆಟ್ಟಿನಿಂದ. ಮೈದಾನದಲ್ಲೇ ಎದೆ ಒತ್ತಿ ಶಾಕ್ ಕೊಟ್ಟರು. ಅವರು ಬದುಕಿ, ಅದೇ ವರ್ಷ ಮತ್ತೆ ಆಟಕ್ಕೆ ಮರಳಿದರು.

ನಿಮಿಷದ ಲೆಕ್ಕ

ನಡುಕಕ್ಕೆ ಸಿಕ್ಕ ಗುಂಡಿಗೆಗೆ ಯಾರೂ ಏನೂ ಮಾಡದಿದ್ದರೆ ಬದುಕುವ ಸಂಭವ ಪ್ರತಿ ನಿಮಿಷಕ್ಕೆ ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಹತ್ತು ನಿಮಿಷಕ್ಕೆ ಉಳಿಯುವುದು ಬಹಳ ಕಡಿಮೆ. ಯಾರಾದರೂ ಎದೆ ಒತ್ತುತ್ತಿದ್ದರೆ ಇಳಿಕೆ ಪ್ರತಿ ನಿಮಿಷಕ್ಕೆ 3-4ಕ್ಕೆ ನಿಧಾನವಾಗುತ್ತದೆ. ಈ ಎರಡು ಅಂಕಿಗಳ ನಡುವೆ ಒಂದು ಜೀವ ಇದೆ.

108 ಸೇವೆ ಕರ್ನಾಟಕದಲ್ಲಿ ಶುರುವಾದದ್ದು 2008ರ ನವೆಂಬರ್‌ನಲ್ಲಿ. ಅದು ಉಳಿಸಿದ ಜೀವಗಳಿಗೆ ನಾವೆಲ್ಲ ಋಣಿಗಳು. ಆದರೆ ಮುಂಡರಗಿ ತಾಲ್ಲೂಕಿನ ಹಳ್ಳಿಯೊಂದರ ಶಾಲೆಯ ಬಯಲಿಗೆ ಆಂಬುಲೆನ್ಸ್ ಹತ್ತು ನಿಮಿಷದಲ್ಲಿ ಬರಬೇಕೆಂದರೆ ಅದು ಪಕ್ಕದಲ್ಲೇ ನಿಂತಿರಬೇಕು. ಅಲ್ಲಿಂದ ಗದಗಿನ ಜಿಮ್ಸ್ ಆಸ್ಪತ್ರೆಗೆ, ಅಥವಾ ಹುಬ್ಬಳ್ಳಿಗೆ, ಇನ್ನಷ್ಟು ದೂರ. ಪುನೀತ್ ಹೆಸರಿನಲ್ಲಿ ಸರ್ಕಾರ ತಂದ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಏರ್ಪಾಡಿದೆ. ಎದೆನೋವು ಬಂದವನಿಗೆ ಇದು ದೊಡ್ಡ ಆಸರೆ. ಕುಸಿದುಬಿದ್ದವನು ಆ ಬಾಗಿಲವರೆಗೆ ಜೀವಂತ ತಲುಪಬೇಕಲ್ಲ. ಅವನ ಚಿಕಿತ್ಸೆ ಬಿದ್ದ ಜಾಗದಲ್ಲೇ ಶುರುವಾಗಬೇಕು.

ಶುರುಮಾಡಲು ಡಾಕ್ಟರ್ ಆಗಬೇಕಿಲ್ಲ ಎನ್ನುವುದಕ್ಕೆ ಬಲವಾದ ಸಾಕ್ಷ್ಯ ಸಿಕ್ಕಿದ್ದು ಒಂದು ವಿಚಿತ್ರ ಜಾಗದಲ್ಲಿ, ಅಮೆರಿಕದ ಜೂಜಿನ ಕೇಂದ್ರಗಳಲ್ಲಿ. ಅಲ್ಲಿನ ಕಾವಲುಗಾರರಿಗೆ ಎದೆ ಒತ್ತುವುದನ್ನೂ ತಾನೇ ತಾನಾಗಿ ಶಾಕ್ ಕೊಡುವ ಎಇಡಿ ಯಂತ್ರ ಬಳಸುವುದನ್ನೂ ಕಲಿಸಿದರು. 2000ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಕಣ್ಣೆದುರೇ ಕುಸಿದು ನಡುಕಕ್ಕೆ ಸಿಕ್ಕವರಲ್ಲಿ, ಮೂರು ನಿಮಿಷದೊಳಗೆ ಶಾಕ್ ಸಿಕ್ಕವರಲ್ಲಿ ನೂರಕ್ಕೆ 74 ಜನ ಬದುಕಿದರು, ಮೂರು ನಿಮಿಷ ದಾಟಿದ ಮೇಲೆ ಸಿಕ್ಕವರಲ್ಲಿ 49. ಆಸ್ಪತ್ರೆಯ ಹೊರಗೆ ಗುಂಡಿಗೆ ನಿಂತವರಲ್ಲಿ ಅದೇ ಅಮೆರಿಕದಲ್ಲಿ ಒಟ್ಟಾರೆ ಬದುಕುವವರು ನೂರಕ್ಕೆ ಹತ್ತರ ಆಸುಪಾಸು. ಕಾವಲುಗಾರರ ಕೈಯಲ್ಲಿ ಬೇರೆ ಯಾವ ಔಷಧವೂ ಇರಲಿಲ್ಲ.

ಕೈಗೆ ಕೀಲಿ ಕೊಡಬೇಡಿ

ನಮ್ಮ ಕಡೆ ಯಾರಾದರೂ ಬಿದ್ದು ಕೈಕಾಲು ಬಡಿದರೆ ಮೊದಲು ಓಡುವುದು ಕಬ್ಬಿಣದ ಕೀಲಿಗೆ. ಇಲ್ಲವೇ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿಯುತ್ತಾರೆ, ಬಾಯಿಗೆ ನೀರು ಹಾಕುತ್ತಾರೆ. ಫಿಟ್ಸ್ ಬಂದವರಿಗೂ ಅದರಿಂದ ಉಪಯೋಗವಿಲ್ಲ. ಗುಂಡಿಗೆ ನಿಂತವನಿಗೆ ಅದು ಪ್ರಾಣಾಂತಿಕ, ಏಕೆಂದರೆ ಇದ್ದ ನಿಮಿಷಗಳು ಅದರಲ್ಲೇ ಕಳೆದುಹೋಗುತ್ತವೆ. ಸ್ತಂಭನವಾದಾಗಲೂ ಮೊದಲ ಕೆಲ ಸೆಕೆಂಡು ಕೈಕಾಲು ಅದುರಬಹುದು, ಕಣ್ಣು ತೆರೆದೇ ಇರಬಹುದು, ಮೀನು ಬಾಯಿಬಿಟ್ಟಂತೆ ಆಗೊಮ್ಮೆ ಈಗೊಮ್ಮೆ ಗೊರಗೊರ ಉಸಿರು ಬರಬಹುದು. ಅದು ಉಸಿರಾಟವಲ್ಲ. ಆಡುತ್ತಿದ್ದವನು ತಟ್ಟನೆ ಕುಸಿದು, ಭುಜ ತಟ್ಟಿ ಕೂಗಿದರೂ ಓಗೊಡದೆ, ಸರಿಯಾಗಿ ಉಸಿರಾಡದೆ ಇದ್ದರೆ ಗುಂಡಿಗೆ ನಿಂತಿದೆ ಎಂದೇ ತಿಳಿಯಬೇಕು. ನಾಡಿ ಹುಡುಕುತ್ತ ಕೂರಬಾರದು.

ಒಬ್ಬರು 108ಕ್ಕೆ ಫೋನ್ ಮಾಡಲಿ, ಇನ್ನೊಬ್ಬರು ಎಇಡಿ ಇದ್ದರೆ ತರಲು ಓಡಲಿ. ಮೂರನೆಯವರು ಎದೆಯ ನಟ್ಟನಡುವೆ ಒಂದು ಅಂಗೈಯ ಬುಡವಿಟ್ಟು, ಅದರ ಮೇಲೆ ಇನ್ನೊಂದು ಕೈಯಿಟ್ಟು, ಮೊಣಕೈ ಬಾಗಿಸದೆ ಒತ್ತಲಿ: ಐದರಿಂದ ಆರು ಸೆಂಟಿಮೀಟರ್ ಆಳ, ನಿಮಿಷಕ್ಕೆ 100ರಿಂದ 120 ಸಲ, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಟ್ಟು. ಬಾಯಿಗೆ ಬಾಯಿಟ್ಟು ಉಸಿರು ಕೊಡಲು ಬಾರದಿದ್ದರೆ ಬರೀ ಒತ್ತಿದರೂ ನಡೆಯುತ್ತದೆ. ಎರಡು ನಿಮಿಷಕ್ಕೆ ತೋಳು ಸೋಲುತ್ತದೆ. ಇನ್ನೊಬ್ಬರು ಕೈ ಬದಲಿಸಬೇಕು. ಪಕ್ಕೆಲುಬು ಲಟಕ್ಕೆಂದರೂ ನಿಲ್ಲಿಸಬೇಡಿ, ಪಕ್ಕೆಲುಬು ಕೂಡಿಕೊಳ್ಳುತ್ತದೆ. ಎಇಡಿ ಬಂದ ಮೇಲೆ ಅದರ ಅಂಟುಪಟ್ಟಿಗಳನ್ನು ಚಿತ್ರದಲ್ಲಿ ತೋರಿಸಿದ ಜಾಗಕ್ಕೆ, ಬೆವರು ಒರೆಸಿದ ಬರಿ ಎದೆಗೆ ಅಂಟಿಸಿ. ನಡುಕ ಇದೆಯೇ ಇಲ್ಲವೇ ಎಂದು ಯಂತ್ರವೇ ನೋಡುತ್ತದೆ. ಬೇಡದವನಿಗೆ ಅದು ಶಾಕ್ ಕೊಡುವುದಿಲ್ಲ. ಎದೆ ಒತ್ತಲು, ಶಾಕ್ ಕೊಡಲು ಹೆದರಿ ಹಿಂದೆ ಸರಿಯುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ. ನಿಂತ ಗುಂಡಿಗೆಗೆ ನಮ್ಮ ಕೈಯಿಂದ ಇನ್ನೇನು ಕೆಡುಕಾದೀತು?

ಬದುಕಿದ ಮೇಲೆ

2021ರ ಜೂನ್ 12ರಂದು ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕಿನ ಫುಟ್ಬಾಲ್ ಆಟಗಾರ ಕ್ರಿಸ್ಟಿಯನ್ ಎರಿಕ್ಸನ್ ಬಿದ್ದದ್ದನ್ನು ಕೋಟ್ಯಂತರ ಜನ ಟಿವಿಯಲ್ಲಿ ಕಂಡರು. ಕೂಡಲೇ ಎದೆ ಒತ್ತಿದರು. ಒಂದೇ ಶಾಕ್‌ಗೆ ಗುಂಡಿಗೆ ತಾಳ ಹಿಡಿಯಿತು. ಮೈದಾನ ಬಿಡುವ ಮೊದಲೇ ಅವರಿಗೆ ಎಚ್ಚರವಾಗಿತ್ತು. ವೈದ್ಯರು ಎದೆಯ ಚರ್ಮದಡಿ ಐಸಿಡಿ ಎಂಬ ಸಣ್ಣ ಯಂತ್ರವನ್ನು ಇಟ್ಟರು. ಮತ್ತೆ ನಡುಕ ಬಂದರೆ ಅದು ಒಳಗಿನಿಂದಲೇ ಶಾಕ್ ಕೊಡುತ್ತದೆ. ಇಟಲಿಯ ನಿಯಮದಲ್ಲಿ ಅಂಥ ಯಂತ್ರ ಇಟ್ಟುಕೊಂಡು ಆಡಲು ಅವಕಾಶವಿಲ್ಲದ್ದರಿಂದ ತಾವು ಆಡುತ್ತಿದ್ದ ಅಲ್ಲಿನ ಕ್ಲಬ್ ಬಿಟ್ಟು, 2022ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಅಂಗಳಕ್ಕೆ ಇಳಿದರು. ಅದೇ ವರ್ಷ ವಿಶ್ವಕಪ್ ಆಡಿದರು, 2024ರ ಯೂರೋ ಪಂದ್ಯಾವಳಿಯಲ್ಲಿ ಗೋಲು ಹೊಡೆದರು.

ಎಲ್ಲರಿಗೂ ಹೀಗಾಗುವುದಿಲ್ಲ. ಎದೆ ಒತ್ತುವವರಿಲ್ಲದೆ ನಾಲ್ಕೈದು ನಿಮಿಷ ಕಳೆದರೆ ಮಿದುಳಿಗೆ ಪೆಟ್ಟು ಶುರುವಾಗುತ್ತದೆ. ಗುಂಡಿಗೆ ಮರಳಿದರೂ ನೆನಪು, ಮಾತು, ನಡಿಗೆ ತಡವಾಗಿ ಬರಬಹುದು, ಅರ್ಧಕ್ಕೇ ನಿಲ್ಲಬಹುದು. ಗುಂಡಿಗೆ ಎಷ್ಟು ಹೊತ್ತು ನಿಂತಿತ್ತು ಅನ್ನುವುದಕ್ಕಿಂತ ಎಷ್ಟು ಹೊತ್ತು ಯಾರೂ ಒತ್ತಲಿಲ್ಲ ಅನ್ನುವುದೇ ಇಲ್ಲಿ ಹೆಚ್ಚು ಮುಖ್ಯ. ಬದುಕಿದವನ ಒಡಹುಟ್ಟಿದವರನ್ನೂ ಮಕ್ಕಳನ್ನೂ ಪರೀಕ್ಷಿಸಬೇಕು, ದೋಷ ರಕ್ತದಲ್ಲಿ ಹರಿದು ಬಂದಿರಬಹುದು. ಮತ್ತೆ ಆಡಬಹುದೇ ಎಂಬುದಕ್ಕೆ ಒಂದೇ ಉತ್ತರವಿಲ್ಲ. ಎರಿಕ್ಸನ್ ಆಡಿದರು, ಮುವಾಂಬಾ ಬಿಟ್ಟರು. ನನ್ನ ಮಟ್ಟಿಗೆ ಇಬ್ಬರದೂ ಗೆಲುವು.

ಬೀಳುವ ಮೊದಲು

ಇಟಲಿಯಲ್ಲಿ 1982ರಿಂದ ಸ್ಪರ್ಧೆಗಿಳಿಯುವ ಪ್ರತಿ ಆಟಗಾರನಿಗೂ ಇಸಿಜಿ ಸಹಿತ ತಪಾಸಣೆ ಕಡ್ಡಾಯ. ಅಲ್ಲಿನ ವೆನೆಟೊ ಪ್ರಾಂತ್ಯದಲ್ಲಿ ಯುವ ಆಟಗಾರರ ಹಠಾತ್ ಸಾವು ವರ್ಷಕ್ಕೆ ಲಕ್ಷಕ್ಕೆ 3.6 ಇದ್ದದ್ದು ಸುಮಾರು ಎರಡೂವರೆ ದಶಕದಲ್ಲಿ 0.4ಕ್ಕೆ ಇಳಿಯಿತು. ಇಂಥದೇ ತಪಾಸಣೆ ತಂದ ಇಸ್ರೇಲಿನ ಅನುಭವ ಅಷ್ಟು ಸ್ಪಷ್ಟವಾಗಿಲ್ಲ, ಹಾಗಾಗಿ ಎಲ್ಲರಿಗೂ ಇಸಿಜಿ ಬೇಕೇ ಎಂಬ ಚರ್ಚೆ ತಜ್ಞರಲ್ಲಿ ಇನ್ನೂ ಮುಗಿದಿಲ್ಲ. ಚರ್ಚೆಯೇ ಇಲ್ಲದ ಮಾತು ಮೂರಿವೆ. ಓಡುವಾಗ ಎಂದಾದರೂ ಎಚ್ಚರ ತಪ್ಪಿತ್ತೇ? ಶ್ರಮಪಟ್ಟಾಗ ಎದೆ ಹಿಡಿದಂತಾಗುತ್ತದೆಯೇ? ಮನೆತನದಲ್ಲಿ ಐವತ್ತರೊಳಗೆ ಯಾರಾದರೂ ತಟ್ಟನೆ ಹೋಗಿದ್ದಾರೆಯೇ? ಗರಡಿಯ ಉಸ್ತಾದರೂ ಶಾಲೆಯ ಪಿ.ಟಿ. ಮಾಸ್ತರರೂ ಪ್ರತಿ ಹುಡುಗನನ್ನೂ ಹುಡುಗಿಯನ್ನೂ ಕೇಳಬೇಕಾದ್ದು ಇದು. ನಮ್ಮ ಬಿಸಿಲಿನಲ್ಲಿ ಓಡುತ್ತ ಬಿದ್ದ ಮಗುವಿಗೆ “ಬಿಸಿಲು ಬಡಿದೈತಿ” ಎಂದು ಮಜ್ಜಿಗೆ ಕುಡಿಸಿ ಕಳಿಸುತ್ತೇವೆ. ಓಟದ ನಡುವೆ ಎಚ್ಚರ ತಪ್ಪುವುದು ಗುಂಡಿಗೆ ಕೊಡುವ ಗಂಭೀರ ಸೂಚನೆ. ಒಂದು ಇಸಿಜಿಗೆ ಕೆಲವು ನೂರು ರೂಪಾಯಿ ಸಾಕು.

ತಪಾಸಣೆಯಲ್ಲಿ ಎಲ್ಲ ದೋಷವೂ ಸಿಗುವುದಿಲ್ಲ, ಚೆಂಡಿನ ಪೆಟ್ಟು ಹೇಳಿ ಬರುವುದಿಲ್ಲ. ಆದ್ದರಿಂದ ಕೊನೆಗೂ ಮೈದಾನ ಸಿದ್ಧವಿರಬೇಕು. ಎಇಡಿ ಯಂತ್ರಕ್ಕೆ ಒಂದು ಲಕ್ಷ ರೂಪಾಯಿಯ ಆಸುಪಾಸು ಬೆಲೆ. ಗದಗಿನ ಜಿಲ್ಲಾ ಕ್ರೀಡಾಂಗಣಕ್ಕೆ, ತಾಲ್ಲೂಕು ಮೈದಾನಗಳಿಗೆ ಒಂದೊಂದು ಇರಲೇಬೇಕೆಂದು ನಾವು ಕೇಳಬೇಕು. ಎದೆ ಒತ್ತುವುದನ್ನು ಕಲಿಯಲು ಬೇಕಾದ್ದು ಒಂದು ಮಧ್ಯಾಹ್ನ. ಗದಗಿನಲ್ಲೇ ವೈದ್ಯಕೀಯ ಕಾಲೇಜು ಇದೆ, ಪ್ರತಿ ತಾಲ್ಲೂಕಿನಲ್ಲೂ ಸರ್ಕಾರಿ ವೈದ್ಯರಿದ್ದಾರೆ, ಹೋಗಿ ಕೇಳಿ. ಲಕ್ಷ್ಮೇಶ್ವರದಲ್ಲೋ ಶಿರಹಟ್ಟಿಯಲ್ಲೋ ಮುಂದಿನ ಪಂದ್ಯಕ್ಕೆ ಪೆಂಡಾಲು, ಮೈಕು, ಬಹುಮಾನದ ಢಾಲುಗಳ ಪಟ್ಟಿ ಬರೆಯುವಾಗ ಎದೆ ಒತ್ತಲು ಬರುವ ನಾಲ್ವರ ಹೆಸರನ್ನೂ ಅದರಲ್ಲಿ ಬರೆಯಿರಿ.